ಎರೆಹುಳುವಿನ ತೊಟ್ಟಿಯಲ್ಲಿ ಸಿಕ್ಕ ನಿಂಬೆಹಣ್ಣು

ಮೊನ್ನೆ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಎರೆಗೊಬ್ಬರದ ಪೊಟ್ಟಣ ಬಿಚ್ಚಿ ಒಳಗೆ ಕೈ ಹಾಕಿದವಳು ಕಿಟಾರನೆ ಕಿರುಚಿಕೊಂಡೆ. ಬೆರಳಿಗೆ ಏನೋ ತಣ್ಣಗೆ ತಾಗಿ ಮಿಸುಕಾಡಿತ್ತು. ಜರಡಿ ಹಿಡಿದು, ಒಣಗಿಸಿ, ಯಂತ್ರದಲ್ಲಿ ಬಾಯಿ ಅಂಟಿಸಿದ ಪೊಟ್ಟಣದೊಳಗೆ ಒಂದೇ ಒಂದು ಎರೆಹುಳು ಹೇಗೋ ಜೀವ ಹಿಡಿದುಕೊಂಡು ವಿಜಯನಗರದ ಅಂಗಡಿಯವರೆಗೂ, ಅಲ್ಲಿಂದ ಬಸವೇಶ್ವರನಗರದ ನಮ್ಮ ಮನೆಯವರೆಗೂ ಬಂದುಬಿಟ್ಟಿತ್ತು. ನನ್ನ ಕೂಗಿಗೆ ಕೆಳಗಿನಿಂದ ನಮ್ಮ ಯಜಮಾನರು ಪೇಪರ್ ಹಿಡಿದುಕೊಂಡೇ ಮೇಲೆ ಬಂದರು. ಹುಳುವನ್ನು ನೋಡಿದರು, ನನ್ನನ್ನು ನೋಡಿದರು.

"ನೀನು ಹುಳು ಕಂಡು ಕಿರುಚಿದ್ದಾ?" ಎಂದರು.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಮೇಣದ ತಟ್ಟೆಯ ಮೇಲೆ ಎರೆಹುಳುವನ್ನು ಮಲಗಿಸಿ, ಎರಡೂ ತುದಿಗೆ ಗುಂಡುಸೂಜಿ ಚುಚ್ಚಿ, ಕೊಯ್ದು, ಎಷ್ಟು ತಲೆಮಾರಿನ ಹುಡುಗಿಯರಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ. ಅವರಲ್ಲಿ ನಾಲ್ಕೈದು ಜನ ತಲೆ ಸುತ್ತಿ ಬಿದ್ದಿದ್ದಾರೆ, ನಾನು ಒಂದು ದಿನವೂ ಬಿದ್ದವಳಲ್ಲ. ಆದರೆ ಮೊನ್ನೆ ಹುಳು ನೋಡಿ ಗಾಬರಿಯಾಗಿ ಪೊಟ್ಟಣವನ್ನು ತಿರುಗಿಸಿದೆನಲ್ಲ, ಆಗ ಹಿಂಬದಿಯ ಚೀಟಿ ಕಣ್ಣಿಗೆ ಬಿತ್ತು. ಕೆಂಗೇರಿಯಾಚೆಯ ಒಂದು ಹಳ್ಳಿಯ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಿಸಿದವರು: ಭಾಗ್ಯ ಮತ್ತು ಸರೋಜ. ಅಲ್ಲೇ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟೆ.

ಹಳೆಯ ಪರಿಚಯದವರ ಹೆಸರು ಅಚ್ಚಾಗಿರುವುದನ್ನು ನೋಡಿದರೆ ಸಂತೋಷವಾಗಬೇಕಲ್ಲವೇ ಎಂದು ನೀವು ಕೇಳಬಹುದು. ಸಂತೋಷವೂ ಆಯಿತು. ಅದರ ಜೊತೆಗೆ ಇನ್ನೊಂದೂ ಆಯಿತು, ಅದನ್ನೇ ಹೇಳಲು ಹೊರಟಿದ್ದೇನೆ. ಈ ಕತೆಯನ್ನು ನಾನು ಬಹಳ ಸಲ ಹೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಅರಿಶಿನ ಕುಂಕುಮಕ್ಕೆ ಬಂದವರ ಮುಂದೆ. ನಮ್ಮ ಬಳಗದಲ್ಲಿ ಅದಕ್ಕೆ ನಿಂಬೆಕಾಯಿ ಪ್ರಸಂಗ ಎಂದೇ ಹೆಸರು. ಎಲ್ಲರೂ ನಗುತ್ತಾರೆ. ಒಂದು ಜಾಗ ಬಂದಾಗ ನಮ್ಮ ಯಜಮಾನರು ಮಾತ್ರ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಾರೆ. ಯಾಕೆಂದರೆ ಆ ಜಾಗದಲ್ಲಿ ನಾನು ಕತೆಯ ಒಂದು ತುಂಡನ್ನು ನುಂಗುತ್ತೇನೆ, ಅದು ಅವರಿಗೆ ಗೊತ್ತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಭಾಗ್ಯ ಆಗ ಭಾನುವಾರ ಭಾನುವಾರ ಗಂಡನ ಲಗೇಜ್ ಆಟೋದಲ್ಲಿ ಸೊಪ್ಪು ತಂದು ನಮ್ಮ ಬೀದಿಯಲ್ಲಿ ಮಾರುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಗಟ್ಟಿ ದನಿ. ಗಂಡ ಕುಮಾರ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಿದ್ದ, ವ್ಯಾಪಾರವೆಲ್ಲ ಇವಳದೇ. ನಾನು ಪ್ರತಿ ವಾರ ಕಟ್ಟು ಸಣ್ಣದಾಯಿತು ಎಂದು ಗೊಣಗುವುದು, ಅವಳು "ಮಣ್ಣೇ ಸಣ್ಣದಾಗದೆ ಮೇಡಮ್ಮೋರೆ, ನಾನೇನ್ ಮಾಡ್ಲಿ?" ಎನ್ನುವುದು. ನಾನು ಅದನ್ನು ವ್ಯಾಪಾರದ ಮಾತೆಂದುಕೊಂಡಿದ್ದೆ. ಒಂದು ದಿನ ಅವಳು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಹೆಂಟೆಯೊಂದನ್ನು ನಮ್ಮ ಗೇಟಿನ ಮೇಲೆ ಕುಟ್ಟಿದಳು. ಅದು ಒಡೆಯಲಿಲ್ಲ, ಗೇಟಿನ ಬಣ್ಣ ಹೋಯಿತು.

"ವರ್ಸಾ ವರ್ಸಾ ಯೂರಿಯ ಸುರ್ದೂ ಸುರ್ದೂ ಹಿಂಗಾಗದೆ. ಗುದ್ಲಿ ಹಾಕುದ್ರೆ ಟಣ್ ಅಂತದೆ. ಒಂದ್ ಹುಳ ಇಲ್ಲ ಮೇಡಮ್ಮೋರೆ, ಒಂದ್!" ಎಂದಳು.

ಅದೇ ವಾರ ನಮ್ಮ ಪಕ್ಕದ ಬೀದಿಯಲ್ಲಿ ಗೃಹಪ್ರವೇಶವಾಗಿ, ಉಂಡ ಬಾಳೆಯೆಲೆಗಳ ರಾಶಿ ಮೋರಿಯ ಪಕ್ಕ ಬಿದ್ದಿತ್ತು. ಭಾಗ್ಯ ಅದನ್ನು ಆಟೋಗೆ ತುಂಬಿಸುತ್ತಿರುವುದನ್ನು ನೋಡಿ ಯಾಕೆ ಎಂದು ಕೇಳಿದೆ. ಆಗ ವಿಷಯ ಹೊರಬಂತು. ಅವಳು ಎಲ್ಲೋ ಮೂರು ದಿನದ ತರಬೇತಿಗೆ ಹೋಗಿ, ಒಂದು ಡಬ್ಬಿಯಲ್ಲಿ ಎರೆಹುಳು ತಂದು, ಮನೆಯ ಹಿಂದೆ ಇಟ್ಟಿಗೆಯ ತೊಟ್ಟಿ ಕಟ್ಟಿಸಿದ್ದಳು. ಹುಳುಗಳನ್ನು ನೋಡಿಕೊಳ್ಳುವುದು ಅವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಸರೋಜ. ಗೋಣಿತಾಟು ಒದ್ದೆ ಮಾಡುವುದು, ಇರುವೆ ಬರದಂತೆ ಸುತ್ತ ನೀರು ನಿಲ್ಲಿಸುವುದು, ಕಸ ಬಿಡಿಸಿ ತೆಳ್ಳಗೆ ಹರಡುವುದು ಎಲ್ಲ ಅವಳದು. ಮಾತು ಭಾಗ್ಯಳದು, ಕೈ ಸರೋಜಳದು. ಸ್ವಂತ ಹೊಲಕ್ಕೆ ಹಾಕಿ ಮಿಕ್ಕಿದ್ದನ್ನು ಮಾರಬೇಕು, ಊರಿನ ಇನ್ನೂ ಆರು ಜನ ಹೆಂಗಸರಿಗೆ ಹುಳು ಹಂಚಿ ಅವರಿಂದಲೂ ತೊಟ್ಟಿ ಮಾಡಿಸಬೇಕು, ಎಲ್ಲರ ಗೊಬ್ಬರ ಒಂದೇ ಹೆಸರಲ್ಲಿ ಪೇಟೆಗೆ ಹೋಗಬೇಕು ಎಂಬುದು ಅವರ ಲೆಕ್ಕಾಚಾರ. ಹುಳುವಿಗೆ ಹಾಕಲು ಸೊಪ್ಪುಸದೆ ಸಾಲದು, ಅದೊಂದೇ ತೊಂದರೆ.

ನನಗೆ ತಡೆಯಲಾಗಲಿಲ್ಲ. ಮೇಷ್ಟರಿಕೆ ಮಾಡಿದವರಿಗೆ ಒಂದು ಚಟವಿರುತ್ತದೆ, ಎಲ್ಲಿ ನಾಲ್ಕು ಜನ ಕಂಡರೂ ಸಾಲು ನಿಲ್ಲಿಸಬೇಕೆನ್ನಿಸುತ್ತದೆ. ನಮ್ಮ ಬೀದಿಯ ಹದಿನಾಲ್ಕು ಮನೆಗಳನ್ನೂ ಹತ್ತಿ ಇಳಿದೆ. ಅಡುಗೆಮನೆಯ ಹಸಿ ಕಸವನ್ನು ಬೇರೆ ಇಡಿ, ವಾರಕ್ಕೆರಡು ಸಲ ಆಟೋ ಬಂದು ಒಯ್ಯುತ್ತದೆ ಎಂದು ಒಪ್ಪಿಸಿದೆ. ನಮ್ಮ ಗೇಟಿನ ಪಕ್ಕ ಒಂದು ನೀಲಿ ಡ್ರಮ್ಮು, ಮೂರನೆಯ ಮನೆಯ ಲಲಿತಮ್ಮನವರ ಗೇಟಿನ ಪಕ್ಕ ಒಂದು ಕಪ್ಪು ಡ್ರಮ್ಮು. ಲಲಿತಮ್ಮ ಆ ಚಳಿಗಾಲದಲ್ಲಷ್ಟೇ ಯಜಮಾನರನ್ನು ಕಳೆದುಕೊಂಡಿದ್ದರು. ಮಗ ಸೊಸೆ ಕೆಲಸಕ್ಕೆ ಹೋದರೆ ಮನೆಯಲ್ಲಿ ಒಬ್ಬರೇ. ಅವರು ಈ ಕಸದ ಕೆಲಸಕ್ಕೆ ಎಷ್ಟು ಶ್ರದ್ಧೆಯಿಂದ ಇಳಿದರೆಂದರೆ ಸೋರೆಕಾಯಿ ಸಿಪ್ಪೆಯನ್ನು ಕೂಡ ಪಲ್ಯಕ್ಕೆ ಹೆಚ್ಚಿದ ಹಾಗೆ ಹೆಚ್ಚಿ ಹಾಕುತ್ತಿದ್ದರು. ಸೊಪ್ಪಿನ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಕೈಗೆ ಹಾಕಿಕೊಂಡಿರುತ್ತಿದ್ದರು. ಆಟೋ ಬರುವ ದಿನ ಭಾಗ್ಯಳಿಗೊಂದು ಲೋಟ ಕಾಫಿ ಅವರ ಮನೆಯದೇ.

ಹದಿನಾಲ್ಕೂ ಮನೆಗೆ ಹಂಚಲು ನಾನೊಂದು ಸೂಚನಾಪತ್ರ ಬರೆದೆ. ಅದರ ತಲೆಬರಹ ನನ್ನದೇ ಸ್ವಂತ ಸೃಷ್ಟಿ: ನಾವು ತಿನ್ನುವುದನ್ನೆಲ್ಲ ಎರೆಹುಳುವೂ ತಿನ್ನುತ್ತದೆ. ಬರೆದು ಮುಗಿಸಿ, ಭಾಗ್ಯಳಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಅವಳು ಒಂದು ಕ್ಷಣ ಯೋಚಿಸಿ, "ಚೆನ್ನಾಗದೆ ಮೇಡಮ್ಮೋರೆ. ಉಪ್ಪು, ಖಾರ, ಎಣ್ಣೆದು ಬ್ಯಾಡ ಅಂತ ಒಂದ್ ಮಾತು ಸೇರ್ಸಿ" ಎಂದಳು.

"ಅಷ್ಟೆಲ್ಲ ಬರೆದ್ರೆ ಜನ ಓದಲ್ಲ ಕಣಮ್ಮ. ಚಿಕ್ಕದಾಗಿದ್ರೇನೇ ತಲೆಗೆ ಹೋಗೋದು" ಎಂದು ನಾನು ಪಾಠ ಹೇಳಿದೆ. ನಾನು ಕಾಲೇಜಿನಲ್ಲಿ ಪ್ರತಿ ವರ್ಷ ಆಲೂಗಡ್ಡೆಯ ಹೊಟ್ಟೆ ಕೊರೆದು ಅದರಲ್ಲಿ ಉಪ್ಪು ತುಂಬಿ, ಗಡ್ಡೆಯ ನೀರನ್ನೆಲ್ಲ ಉಪ್ಪು ಹೇಗೆ ಹೀರಿಕೊಳ್ಳುತ್ತದೆ ಎಂದು ತೋರಿಸುತ್ತಿದ್ದವಳು. ಮೈಯೆಲ್ಲ ತೇವವಾಗಿರುವ ಹುಳುವಿಗೆ ಉಪ್ಪು ಬಿದ್ದರೆ ಏನಾಗುತ್ತದೆಂದು ಭಾಗ್ಯಳಿಗಿಂತ ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ಗೊತ್ತಿರುವುದು ಪಾಠದ ಹೊತ್ತಿನಲ್ಲಿ ಮಾತ್ರ ನೆನಪಿಗೆ ಬರುವ ಹಾಗೆ ಅಭ್ಯಾಸವಾಗಿಬಿಟ್ಟಿತ್ತು.

ಕೆಲಸ ಚೆನ್ನಾಗಿಯೇ ನಡೆಯಿತು. ಒಂದು ಸಲ ಭಾಗ್ಯಳ ಜೊತೆ ಸರೋಜಳೂ ಆಟೋದಲ್ಲಿ ಬಂದಿದ್ದಳು. ಸಣಕಲು ಹುಡುಗಿ, ಮಾತೇ ಇಲ್ಲ. ಮಧ್ಯಾಹ್ನವಾಗಿತ್ತು, ಇಬ್ಬರನ್ನೂ ಕೂರಿಸಿ ಮೊಸರನ್ನ ಬಡಿಸಿದೆ. ಸರೋಜ ಒಂದು ಹಿಡಿ ಗೊಬ್ಬರವನ್ನು ಕಾಗದದಲ್ಲಿ ಕಟ್ಟಿ ತಂದುಕೊಟ್ಟಳು. ಚಹಾಪುಡಿಯ ಹಾಗಿತ್ತು, ಮೂಗಿನ ಹತ್ತಿರ ಹಿಡಿದರೆ ಕೊಳೆತ ವಾಸನೆಯೇ ಇಲ್ಲ, ಮೊದಲ ಮಳೆಯ ವಾಸನೆ. ಆ ಹಿಡಿಯಷ್ಟು ಗೊಬ್ಬರವನ್ನು ನಾನು ಕಾಲೇಜಿಗೂ ಒಯ್ದು ಎಲ್ಲರಿಗೂ ತೋರಿಸಿ ಜಂಬ ಕೊಚ್ಚಿಕೊಂಡೆ.

ಏಪ್ರಿಲ್ ಕೊನೆಗೆ ಹೊಸ ಮಾವಿನಕಾಯಿ ಬಂತು. ಉಪ್ಪಿನಕಾಯಿ ಹಾಕುವವರ ಮನೆಯಲ್ಲಿ ಅದಕ್ಕೆ ಮೊದಲು ಭರಣಿಗಳ ಶುದ್ಧಿ ಆಗಬೇಕು. ನಮ್ಮ ಅಟ್ಟದ ಮೇಲೆ ತೀರಿಹೋದ ನನ್ನ ಅತ್ತೆಯವರ ಕಾಲದ್ದೊಂದು ದೊಡ್ಡ ಭರಣಿ ಇತ್ತು. ಒಳಗೆ ನಿಂಬೆಕಾಯಿ. ಇಡೀ ಹಣ್ಣನ್ನೇ ನಾಲ್ಕಾಗಿ ಸೀಳಿ, ಬುಡ ಬಿಡಿಸದೆ, ಹೊಟ್ಟೆಯಲ್ಲಿ ಉಪ್ಪು ಖಾರ ತುಂಬಿ ಇಟ್ಟದ್ದು. ಬಾಯಿ ಕೆಟ್ಟ ರೋಗಿಗಳಿಗೆ ಗಂಜಿಯ ಜೊತೆ ಕೊಡಲು ಒಳ್ಳೆಯದೆಂದು ವರ್ಷಗಟ್ಟಲೆ ಇಟ್ಟು, ಅವು ಕಲ್ಲಿನ ಹಾಗೆ ಕಪ್ಪಾಗಿದ್ದವು. ಪಕ್ಕದ ಚಿಕ್ಕ ಭರಣಿಯಲ್ಲಿ ಮಾಗಳಿ ಬೇರು, ಮಜ್ಜಿಗೆಯಲ್ಲಿ ನೆನೆಸಿಟ್ಟ ಬೇರಿನ ಉಪ್ಪಿನಕಾಯಿ, ಅದಕ್ಕೆ ಬೂಷ್ಟು ಬಂದಿತ್ತು. ಅತ್ತೆಯ ಕೈಯದನ್ನು ಮೋರಿಗೆ ಸುರಿಯಲು ನನಗೆ ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗವಿಲ್ಲ. ಎರಡು ವರ್ಷದಿಂದ ಹೀಗೇ ಒದ್ದಾಡುತ್ತಿದ್ದವಳಿಗೆ ಈಗ ದಾರಿ ಸಿಕ್ಕಿತ್ತು. ಹುಳುವಿಗೆ ಹಾಕಿದರೆ ಚೆಲ್ಲಿದ ಹಾಗಾಗುವುದಿಲ್ಲವಲ್ಲ! ಎರಡೂ ಭರಣಿಯನ್ನು ಉಪ್ಪುನೀರಿನ ಸಮೇತ ನೀಲಿ ಡ್ರಮ್ಮಿಗೆ ಮಗುಚಿ, ಕೈ ಜೋಡಿಸಿ ಅತ್ತೆಗೊಂದು ನಮಸ್ಕಾರ ಹಾಕಿ ಒಳಗೆ ಬಂದೆ. ನಿಜ ಹೇಳುತ್ತೇನೆ, ಆವತ್ತು ನನಗೆ ಪುಣ್ಯದ ಕೆಲಸ ಮಾಡಿದಷ್ಟು ಹಗುರವಾಗಿತ್ತು.

ಮಾರನೆಯ ದಿನ ಕುಮಾರ ಡ್ರಮ್ಮುಗಳನ್ನು ಒಯ್ದು, ಖಾಲಿ ಮಾಡಿ ತಂದಿಟ್ಟ. ಅದಾದ ಮೇಲೆ ಹತ್ತು ದಿನ ಆಟೋ ಬರಲಿಲ್ಲ. ಡ್ರಮ್ಮುಗಳು ನಾರತೊಡಗಿದವು. ಬೀದಿಯವರೆಲ್ಲ ನನ್ನನ್ನೇ ಕೇಳತೊಡಗಿದರು. ಕುಮಾರನ ಮೊಬೈಲಿಗೆ ಮಾಡಿದರೆ ಎತ್ತುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನಾನೇ ಹೊರಟೆ. ಬಸ್ ಸ್ಟಾಪಿನ ದಾರಿಯಲ್ಲಿ ಲಲಿತಮ್ಮ ಗೇಟಿನಲ್ಲೇ ನಿಂತು, "ಭಾಗ್ಯಂಗೆ ಮೈ ಸರಿಯಿಲ್ವೋ ಏನೋ, ನೋಡ್ಕೊಂಡು ಬನ್ರೀ" ಎಂದರು. ನಾಯಂಡಹಳ್ಳಿಯ ಧೂಳು ಕುಡಿದು, ಕೆಂಗೇರಿಯಲ್ಲಿ ಇಳಿದು, ಆಟೋ ಹಿಡಿದು ಆ ಹಳ್ಳಿ ಸೇರುವ ಹೊತ್ತಿಗೆ ಬಿಸಿಲೇರಿತ್ತು.

ಭಾಗ್ಯಳ ಮನೆಯ ಹಿತ್ತಿಲಿಗೆ ಕಾಲಿಡುತ್ತಲೇ ವಾಸನೆ ಹೊಡೆಯಿತು. ದೊಡ್ಡ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಹುಳುಗಳು ತಪ್ಪಿಸಿಕೊಳ್ಳಲು ಇಟ್ಟಿಗೆಯ ಗೋಡೆ ಹತ್ತಿ, ಅಲ್ಲಲ್ಲೇ ಗೊಂಚಲು ಗೊಂಚಲಾಗಿ ಒಣಗಿ ಅಂಟಿಕೊಂಡಿದ್ದವು. ಒಳಗೆ ಉಳಿದವು ಕರಗಿ ಲೋಳೆಯಾಗಿದ್ದವು. ಸಾವಿರಾರು ಹುಳು. ಆರು ಜನ ಹೆಂಗಸರಿಗೆ ಹಂಚಲೆಂದು ಬೆಳೆಸಿದ್ದ ಬೀಜದ ಹುಳು ಪೂರ್ತಿ ಅದೇ ತೊಟ್ಟಿಯಲ್ಲಿತ್ತು. ಆದರೆ ಅದು ಏನೂ ಅಲ್ಲ ಎನ್ನಿಸುವಂಥದ್ದು ಮುಂದಿತ್ತು.

ಭಾಗ್ಯಳ ಅತ್ತೆ ಒಂದು ತೆಂಗಿನ ಚಿಪ್ಪನ್ನು ಕೋಲಿನಿಂದ ನನ್ನ ಕಡೆ ತಳ್ಳಿದಳು. ಕೈಯಿಂದ ಮುಟ್ಟಲು ಯಾರೂ ತಯಾರಿರಲಿಲ್ಲ. ಚಿಪ್ಪಿನಲ್ಲಿ ಮೂರು ಕಪ್ಪು ನಿಂಬೆಹಣ್ಣು, ನಾಲ್ಕಾರು ಬೆರಳುದ್ದದ ಬೇರು.

"ನೋಡ್ರವ್ವ, ಹೊಟ್ಟೆ ಸೀಳಿ ಖಾರ ತುಂಬವ್ರೆ. ಬೇರು ಬ್ಯಾರೆ. ನಮ್ ಮನೆ ಹಾಳಾಗ್ಲಿ ಅಂತ ಮಾಟ ಮಾಡ್ಸವ್ಳೆ" ಎಂದಳು ಮುದುಕಿ.

"ಯಾರು?" ಎಂದೆ.

ಅವಳು ಹೊಂಗೆಮರದ ಕಡೆ ಗದ್ದ ಎತ್ತಿದಳು. ಮರದ ಕೆಳಗೆ ಸರೋಜ ಒಬ್ಬಳೇ ಕೂತಿದ್ದಳು, ಮೊಣಕಾಲಿಗೆ ಹಣೆ ಹಚ್ಚಿಕೊಂಡು. ಭಾಗ್ಯ ತವರಿನ ಮದುವೆಗೆಂದು ನಾಲ್ಕು ದಿನ ಹೋಗಿದ್ದಳಂತೆ. ಆಗ ತೊಟ್ಟಿಯ ಉಸ್ತುವಾರಿ ಸರೋಜಳೊಬ್ಬಳದೇ. ಭಾಗ್ಯ ಬರುವಷ್ಟರಲ್ಲಿ ಹುಳು ಸತ್ತಿದ್ದವು, ಕಸ ಕೆದಕಿದರೆ ಇವು ಸಿಕ್ಕವು. ಹೆಸರು ಹಣ ಎಲ್ಲ ಭಾಗ್ಯಳಿಗೇ ಹೋಗುತ್ತದೆಂದು ಹೊಟ್ಟೆಕಿಚ್ಚಿಗೆ ಮಾಡಿಸಿದ್ದಾಳೆ ಎಂದು ಮನೆಯವರು, ಊರವರು ತೀರ್ಮಾನಿಸಿದ್ದರು. ಮೂರು ದಿನದಿಂದ ಅವಳ ಕೈಯ ನೀರನ್ನು ಯಾರೂ ಮುಟ್ಟಿರಲಿಲ್ಲ. ಮಾರನೆಯ ದಿನ ಮಾರಮ್ಮನ ಗುಡಿಯಲ್ಲಿ, ತನ್ನ ಮಗುವಿನ ತಲೆ ಮುಟ್ಟಿ, ಉರಿಯುವ ಕರ್ಪೂರ ಆರಿಸಿ ಅವಳು ಪ್ರಮಾಣ ಮಾಡಬೇಕಿತ್ತು. ಮಗುವಿನ ಮೇಲೆ ಆಣೆ ಇಡಲಾರೆ ಎಂದು ಅವಳು ಹೇಳಿದ್ದನ್ನೇ ಎಲ್ಲರೂ ತಪ್ಪೊಪ್ಪಿಗೆ ಎಂದುಕೊಂಡಿದ್ದರು. ಪ್ರಮಾಣ ಮಾಡದಿದ್ದರೆ ಮಗುವನ್ನು ಬಿಟ್ಟು ಅವಳು ತವರಿಗೆ ಹೋಗಬೇಕೆಂದು ಗಂಡನೂ ಹೇಳಿಯಾಗಿತ್ತು.

ನಾನು ಭಾಗ್ಯಳ ಮುಖ ನೋಡಿದೆ. ಸಾರಜನಕ, ಇಂಗಾಲ ಎಂದು ನನಗೇ ಪಾಠ ಹೇಳುತ್ತಿದ್ದ ಹೆಂಗಸು. ಅವಳಾದರೂ ನಕ್ಕುಬಿಡುತ್ತಾಳೆಂದು ಕಾದೆ.

"ನಾನೂ ನಂಬ್ತಿರ್ಲಿಲ್ಲ ಮೇಡಮ್ಮೋರೆ. ಕಣ್ಣಾರೆ ಕಂಡ್ ಮ್ಯಾಲೆ ಏನನ್ನನ? ಒಂದೇ ತಟ್ಟೇಲಿ ಉಂಡೋಳು ಅವ್ಳು" ಎಂದು ಸೆರಗು ಬಾಯಿಗಿಟ್ಟುಕೊಂಡಳು.

ಚಿಪ್ಪಿನಲ್ಲಿದ್ದ ನಿಂಬೆಕಾಯಿಯನ್ನು ನೋಡಿದ ಕೂಡಲೇ ಗುರುತು ಹಿಡಿದಿದ್ದೆ. ಬುಡ ಬಿಡದಂತೆ ಅಷ್ಟು ನೇರವಾಗಿ ನಾಲ್ಕು ಸೀಳು ಹಾಕುವ ಕೈ ನಮ್ಮತ್ತೆಯದೊಂದೇ. "ಇದು ಮಾಟ ಅಲ್ಲ, ಉಪ್ಪಿನಕಾಯಿ. ಉಪ್ಪು ಬಿದ್ದು ಹುಳು ಸತ್ತಿದೆ, ಅಷ್ಟೇ" ಎಂದೆ.

ಭಾಗ್ಯ ತಟ್ಟನೆ ತಲೆಯೆತ್ತಿ, "ಯಾರ ಮನೇದು?" ಎಂದಳು.

ಇದೇ ಆ ಜಾಗ. ಮದುವೆಯ ಪಂಕ್ತಿಯಲ್ಲಿ ನಾನು ನುಂಗುವ ತುಂಡು ಇದು. ಭಾಗ್ಯ ಹಾಗೆ ಕೇಳಿದಾಗ, ನನ್ನದೇ ಎನ್ನಲು ನಾನು ಬಾಯಿ ತೆರೆದೆ. ನನ್ನ ಹದಿನಾಲ್ಕು ಮನೆ, ನನ್ನ ಸೂಚನಾಪತ್ರ, ಜೀವಶಾಸ್ತ್ರದ ಮೇಡಂ ಎಂಬ ಬಿರುದು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು.

"ಮೂರನೇ ಮನೆ ಲಲಿತಮ್ಮನವರದು ಇರಬೇಕು" ಎಂದೆ.

ಯಾಕೆ ಅವರ ಹೆಸರೇ? ದ್ವೇಷವಿರಲಿಲ್ಲ, ಜಗಳವಿರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಬರುವಾಗ ಕೊನೆಗೆ ಮಾತಾಡಿಸಿದವರು ಅವರು, ನಾಲಿಗೆಯ ತುದಿಯಲ್ಲಿದ್ದರು. ಅದಕ್ಕಿಂತ ದೊಡ್ಡ ಕಾರಣ ಇವತ್ತಿಗೂ ನನಗೆ ಸಿಕ್ಕಿಲ್ಲ. ಸುಳ್ಳು ಇಷ್ಟು ಸಲೀಸಾಗಿ ಬಂದೀತೆಂದು ನನಗೆ ಗೊತ್ತೇ ಇರಲಿಲ್ಲ. ಹೇಳಿದ ಮೇಲೆ ಬೇರೆ ಯಾರೋ ಹೇಳಿದರೇನೋ ಎಂದು ಹಿಂದೆ ತಿರುಗಿ ನೋಡುವ ಹಾಗಾಯಿತು.

ಮುದುಕಿ ಬಿಡಲಿಲ್ಲ. "ಉಪ್ಪಿನಕಾಯಿ ಅಂತೀರಲ್ಲ, ಹಂಗಾರೆ ತಿಂದ್ ತೋರ್ಸಿ" ಎಂದಳು.

ಇಲ್ಲಿಂದ ಮುಂದಿನದು ಎಲ್ಲರಿಗೂ ಇಷ್ಟವಾಗುವ ಭಾಗ. ಹತ್ತು ದಿನ ಕೊಳೆತ ಕಸದಲ್ಲಿದ್ದ ಆ ನಿಂಬೆಕಾಯಿಯನ್ನು ಕೈಯಲ್ಲೆತ್ತಿ, ಸೆರಗಿನಲ್ಲಿ ಒರೆಸಿ, ಕಚ್ಚಿದೆ. ಸುತ್ತ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಉಪ್ಪು ತಲೆಗೆ ಹತ್ತಿತು. ಕಣ್ಣಲ್ಲಿ ನೀರು ಬಂತು. ಅಗಿದು ನುಂಗಿದೆ. ಒಂದು ಬೇರನ್ನೂ ತಿಂದೆ. ನಾನು ನೆಲಕ್ಕೆ ಬೀಳುತ್ತೇನೆಂದು ಎಲ್ಲರೂ ಕಾಯುತ್ತಿದ್ದರು. ಬೀಳದಿದ್ದುದನ್ನು ನೋಡಿ ಮುದುಕಿ ಹತ್ತಿರ ಬಂದು, ಚಿಪ್ಪಿಗೆ ಬೆರಳು ಅದ್ದಿ, ನಾಲಿಗೆಗೆ ತಾಗಿಸಿ, "ಅಯ್ಯೋ ಮಾರಮ್ಮಾ! ಉಪ್ಪಿನ್ಕಾಯೇ ಕಣ್ರೋ!" ಎಂದು ಬಾಯಿ ಬಿಟ್ಟಳು. ಭಾಗ್ಯ ಹೊಂಗೆಮರದ ಕಡೆ ಓಡಿದಳು. ಸರೋಜಳ ಎರಡೂ ಕೈ ಹಿಡಿದು ಅತ್ತಳು. ಸರೋಜ ಅಳಲಿಲ್ಲ. ಇಲ್ಲಿಗೆ ಕತೆ ಮುಗಿಸಿದರೆ ಪಂಕ್ತಿಯಲ್ಲಿ ನಗು ಏಳುತ್ತದೆ, ಯಾರಾದರೂ ಎಲೆಯ ತುದಿಗೆ ಉಪ್ಪಿನಕಾಯಿ ಹಾಕಿಸಿಕೊಂಡು ಇನ್ನಷ್ಟು ನಗಿಸುತ್ತಾರೆ.

ಆಮೇಲೆ ಹಿತ್ತಿಲಿನಲ್ಲಿ ನನ್ನ ಕೈಗೆ ನೀರು ಹಾಕಲು ಬಂದವಳು ಸರೋಜ. ಚೊಂಬು ಬಗ್ಗಿಸುತ್ತಾ, ತಲೆ ಎತ್ತದೆ, ಮೆಲ್ಲಗೆ ಹೇಳಿದಳು: "ಅದು ನಿಮ್ಮನೇದು ಅಲ್ವಾ ಮೇಡಮ್ಮೋರೆ."

ನಾನು ಕೈ ಉಜ್ಜುವುದನ್ನು ನಿಲ್ಲಿಸಿದೆ.

"ನೀಲಿ ಡ್ರಮ್ಮಲ್ಲಿ ಬಂದಿತ್ತು. ಲಲಿತಮ್ಮೋರದು ಕರಿ ಡ್ರಮ್ಮು. ಆ ಬೇರು ಅವತ್ತು ನೀವೇ ನಮ್ಗೆ ಮೊಸರನ್ನಕ್ಕೆ ಹಾಕಿದ್ರಿ. ಆ ವಾಸ್ನೆ ಮರೀತದಾ?"

"ಮತ್ತೆ ಯಾಕಮ್ಮ ಹೇಳಲಿಲ್ಲ ನೀನು?"

"ಪ್ಯಾಟೆ ಡ್ರಮ್ಮಲ್ಲಿ ಬಂತು ಅಂತ ಮೂರ್ ದಿನದಿಂದ ಬಾಯ್ ಬಡ್ಕೊಂಡೆ. ಯಾರೂ ಕಿವಿಗೇ ಹಾಕ್ಕೊಳ್ನಿಲ್ಲ. ನಿಮ್ಮೆಸ್ರು ಒಂದ್ ಮಾತ್ರ ಹೇಳ್ನಿಲ್ಲ. ಹೇಳಿ, ನಿಮ್ಗೆ ಕ್ವಾಪ ಬಂದು, ಬೀದೀಲಿ ಡ್ರಮ್ಮೇ ಇಡಬ್ಯಾಡಿ ಅಂದ್ಬುಟ್ರೆ? ಹುಳ ಸತ್ರೆ ಹುಳ ತರಬೋದು. ಡ್ರಮ್ಮು ಹೋದ್ರೆ ಅಕ್ಕನ ಕೆಲ್ಸಾನೇ ಹೋಗ್ತದೆ." ಚೊಂಬಿನ ತಳದ ನೀರನ್ನೂ ನನ್ನ ಕೈಗೆ ಸುರಿದಳು. "ನೀವ್ ಬಂದು ಒಂದ್ ಮಾತು ಹೇಳುದ್ರಿ, ನಂಬುದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಮಗುವನ್ನು ಬಿಟ್ಟು ಮನೆಯಿಂದ ಹೊರಗೆ ಹೋಗುವ ಹಂತಕ್ಕೆ ಬಂದರೂ ಆ ಹುಡುಗಿ ನನ್ನ ಹೆಸರನ್ನು ಬಾಯಿಂದ ತೆಗೆದಿರಲಿಲ್ಲ. ನಾನು ಅರ್ಧ ನಿಮಿಷದಲ್ಲಿ ಇನ್ನೊಬ್ಬರ ಹೆಸರು ಹೇಳಿದ್ದೆ. ಆಗಲೂ ಒಳಗೆ ಹೋಗಿ ಭಾಗ್ಯಳಿಗೆ ನಿಜ ಹೇಳಬಹುದಿತ್ತು, ಹತ್ತೇ ಹೆಜ್ಜೆ ದೂರ. ಹೇಳಲಿಲ್ಲ. ಸಂಜೆ ಮನೆಗೆ ಬಂದು ಯಜಮಾನರೊಬ್ಬರಿಗೆ ಹೇಳಿಕೊಂಡೆ. ಅವರು, "ಅಮ್ಮನ ನಿಂಬೆಕಾಯಿ ಪಾಪ" ಎಂದಷ್ಟೇ ಹೇಳಿ ಎದ್ದು ಹೋದರು.

ಕೆಲಸ ನಿಲ್ಲಲಿಲ್ಲ. ತರಬೇತಿ ಕೊಟ್ಟವರ ಹತ್ತಿರವೇ ಭಾಗ್ಯ ಮತ್ತೆ ಹುಳು ತಂದಳು. ಆರು ಜನ ಹೆಂಗಸರಿಗೆ ಹಂಚುವುದು ಮಳೆಗಾಲ ಕಳೆದ ಮೇಲಾಯಿತು, ಆದರೆ ಆಯಿತು. ನಾನು ಸೂಚನಾಪತ್ರವನ್ನು ತಿದ್ದಿ ಬರೆದೆ, ಉಪ್ಪು ಖಾರ ಎಣ್ಣೆ ಬೇಡವೆಂದು ದಪ್ಪ ಅಕ್ಷರದಲ್ಲಿ. ಮುಂದಿನ ವರ್ಷ ಹೋದಾಗ ಭಾಗ್ಯ ನನ್ನನ್ನು ಹೊಲಕ್ಕೆ ಎಳೆದುಕೊಂಡು ಹೋಗಿ, ಕೈಯಲ್ಲಿದ್ದ ಕಡ್ಡಿಯನ್ನು ನೆಲಕ್ಕೆ ಒತ್ತಿದಳು. ಗೇಣುದ್ದ ಒಳಗಿಳಿಯಿತು. ಸರೋಜ ಒಂದು ಹಿಡಿ ಮಣ್ಣೆತ್ತಿ ಬಿಡಿಸಿ ತೋರಿಸಿದಳು, ಅದರೊಳಗೆ ತಾವಾಗಿಯೇ ಬಂದ ಹುಳುಗಳಿದ್ದವು. ಮೂವರೂ ಹುಚ್ಚರ ಹಾಗೆ ನಕ್ಕೆವು.

ಒಂದು ಬದಲಾವಣೆ ಮಾತ್ರ ಆಯಿತು. ಲಲಿತಮ್ಮನವರ ಗೇಟಿನ ಕಪ್ಪು ಡ್ರಮ್ಮನ್ನು ಕುಮಾರ ಎತ್ತಿಕೊಂಡು ಹೋದ. ಭಾಗ್ಯ ಅವರ ಮನೆಯ ಕಾಫಿಗೆ ನಿಲ್ಲುವುದನ್ನು ಬಿಟ್ಟಳು, ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದಳು. ಲಲಿತಮ್ಮ ನನ್ನನ್ನು ಕೇಳಿದರು. ಆಟೋದಲ್ಲಿ ಎರಡು ಡ್ರಮ್ಮಿಗೆ ಜಾಗ ಸಾಲದಂತೆ ಎಂದೆ. ಕೆಲವು ದಿನ ಅವರು ಹೆಚ್ಚಿದ ಸಿಪ್ಪೆಯನ್ನು ಸ್ಟೀಲ್ ಬಟ್ಟಲಿನಲ್ಲಿ ತಂದು ನಮ್ಮ ನೀಲಿ ಡ್ರಮ್ಮಿಗೆ ಹಾಕಿ ಹೋದರು. ಆಮೇಲೆ ಅದನ್ನೂ ನಿಲ್ಲಿಸಿದರು. ಕೆಲವು ವರ್ಷಕ್ಕೆ ಕಾರ್ಪೊರೇಷನ್ನಿನ ಗಾಡಿ ಮನೆಬಾಗಿಲಿಗೆ ಬರತೊಡಗಿತು, ಭಾಗ್ಯಳಿಗೆ ಮಾರುಕಟ್ಟೆಯ ಹತ್ತಿರ ಬೇರೆ ಏರ್ಪಾಡಾಯಿತು, ನಮ್ಮ ಡ್ರಮ್ಮಿನ ಕಾಲ ಮುಗಿಯಿತು.

ಮೊನ್ನೆ ತಾರಸಿಯಿಂದ ಇಳಿದವಳೇ ಚಪ್ಪಲಿ ಮೆಟ್ಟಿ ಮೂರನೆಯ ಮನೆಗೆ ಹೋದೆ. ಇಷ್ಟು ವರ್ಷ ಅದೇ ಗೇಟಿನ ಮುಂದೆ ದಿನಕ್ಕೆ ಎರಡು ಸಲ ಓಡಾಡಿದ್ದೇನೆ. ಲಲಿತಮ್ಮ ಈಗ ಎಪ್ಪತ್ತು ದಾಟಿದವರು, ನಡುಮನೆಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಭರಣಿ, ತೊಟ್ಟಿ, ಸರೋಜ, ಕರ್ಪೂರ. ಕೊನೆಗೆ, ನಿಮ್ಮ ಹೆಸರು ಹೇಳಿದೆ ಎಂದೆ. ಅವರ ಕೈ ದಾರದ ಮೇಲೇ ನಿಂತಿತು.

ದಾರವನ್ನು ಬೆರಳಿಗೆ ಸುತ್ತಿಕೊಂಡೇ ಮಾತಾಡಿದರು. "ಆ ವರ್ಷ ನಮ್ಮನೇಲಿ ಉಪ್ಪಿನಕಾಯಿ ಎಲ್ಲಿತ್ತು ರೀ? ಅವರು ಹೋದ ವರ್ಷ ಅಲ್ವಾ ಅದು. ಇದ್ದ ಭರಣೀನೆಲ್ಲ ತೊಳೆದು ಮಗುಚಿಟ್ಟಿದ್ದೆ. ವರ್ಷಾಂತಿಕ ಆಗೋವರ್ಗೂ ನಮ್ಮಲ್ಲಿ ಹೊಸದು ಹಾಕೋ ಹಾಗಿಲ್ಲ." ಹೂವನ್ನು ಬುಟ್ಟಿಗೆ ಹಾಕಿ ನನ್ನ ಮುಖ ನೋಡಿದರು. "ಬಾಯಿಗೆ ರುಚಿ ಇರಲ್ಲ ಪಾಪ ಅಂತ ನೀವೇ ತಾನೆ ಒಂದು ಬಾಟಲಿ ತಂದುಕೊಟ್ಟಿದ್ದು?"

ನನಗೆ ಅದು ನೆನಪೇ ಇರಲಿಲ್ಲ. ಕೈಯಾರೆ ಕೊಟ್ಟವಳು ನಾನು. ಆ ಹಿತ್ತಿಲಿನಲ್ಲಿ ನಿಂತು ಬಾಯಿ ತೆರೆದಾಗಲೂ ನೆನಪಾಗಿರಲಿಲ್ಲ.

"ನಾನೇನ್ ತಪ್ಪು ಮಾಡ್ದೆ ಅಂತ ಎಷ್ಟು ದಿನ ಯೋಚನೆ ಮಾಡಿದೀನಿ ಗೊತ್ತಾ?" ಎಂದರು. "ಕಾಫಿ ಕೊಟ್ಟ ಲೋಟ ಸರಿಯಾಗಿ ತೊಳೆದಿರ್ಲಿಲ್ವೇನೋ, ಗಂಡ ಸತ್ತೋಳ ಮನೆ ಅಂತ ಬೇಡ ಅಂದ್ಲೇನೋ, ಏನೇನೋ ಅಂದ್ಕೊಂಡೆ."

ತಪ್ಪಾಯಿತು ಎಂದೆ. ಅವರು ಮೊಣಕಾಲಿಗೆ ಕೈಯೂರಿ ನಿಧಾನವಾಗಿ ಎದ್ದರು.

"ಭಾಗ್ಯನ ಊರು ಗೊತ್ತಲ್ಲ ನಿಮಗೆ?"

"ಗೊತ್ತು."

"ಹಾಗಾದ್ರೆ ಆಟೋ ಕರೀರಿ. ಈಗ ನನಗೆ ಹೇಳಿದ್ರಲ್ಲ, ಅದನ್ನೇ ಅವಳಿಗೆ ಹೇಳಿ. ನನ್ನೆದುರಿಗೇ ಹೇಳಿ." ಒಳಕೋಣೆಯ ಬಾಗಿಲಲ್ಲಿ ನಿಂತು ತಿರುಗಿದರು. "ಸೀರೆ ಬದಲಾಯಿಸ್ಕೊಂಡು ಬರ್ತೀನಿ. ಹೋಗ್ಬಿಡ್ಬೇಡಿ ಮತ್ತೆ."